ಬಣ್ಣದ ಪ್ರಯೋಗದ ವೆಚ್ಚ ಯಾರ ಲೆಕ್ಕಕ್ಕೆ?

ಮದ್ದೂರು ತಾಲ್ಲೂಕಿನ ಶಿವಪುರದ ಹೆಸರು ಕೇಳಿದೊಡನೆ ನೆನಪಿಗೆ ಬರುವುದು 1938ರ ಏಪ್ರಿಲ್ ತಿಂಗಳ ಧ್ವಜ ಸತ್ಯಾಗ್ರಹ. ಮೈಸೂರು ಸಂಸ್ಥಾನದ ಸರ್ಕಾರ ವಿಧಿಸಿದ್ದ ನಿಷೇಧವನ್ನು ಲೆಕ್ಕಿಸದೆ, ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಲಾಯಿತು. ಎಚ್.ಕೆ. ವೀರಣ್ಣಗೌಡ, ಸಾಹುಕಾರ್ ಚೆನ್ನಯ್ಯ ಮೊದಲಾದ ಜಿಲ್ಲೆಯ ಮುಖಂಡರು ಅದರ ಹಿಂದೆ ನಿಂತಿದ್ದರು. ಆ ನೆನಪಿಗಾಗಿ ಕಟ್ಟಲಾದ ಸತ್ಯಾಗ್ರಹ ಸೌಧವನ್ನು ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸರಕು ಸಾಗಿಸಿದ ವರ್ತಕರೆಲ್ಲರೂ ಕಂಡಿರುತ್ತಾರೆ.

ಆ ಘಟನೆಯ ರಾಜಕೀಯ ಮಹತ್ವವನ್ನು ಇತಿಹಾಸಕಾರರು ಸಾಕಷ್ಟು ವಿವರಿಸಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಅಂದಿನ ಧ್ವಜದಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಗಳಿದ್ದವು, ನಡುವೆ ಚರಕವಿತ್ತು. ಬಣ್ಣ ಹಾಕುವುದಕ್ಕೆ ಮೊದಲು ಅದು ಮೂರು ತುಂಡು ಬಿಳಿಯ ಖಾದಿ ಬಟ್ಟೆ ಮಾತ್ರ. ಅಂತಹ ಬಟ್ಟೆಯ ಮೇಲೆ ಯಾವ ಸರ್ಕಾರವೂ ನಿಷೇಧ ಹೇರುವುದಿಲ್ಲ, ಯಾರೂ ಅದಕ್ಕಾಗಿ ಸೆರೆಮನೆಗೆ ಹೋಗುವುದೂ ಇಲ್ಲ. ಬಟ್ಟೆಗೆ ಅರ್ಥ ಬಂದದ್ದು ಬಣ್ಣ ಮತ್ತು ಚಿತ್ರದಿಂದ. ಜವಳಿ ವ್ಯಾಪಾರದಲ್ಲಿಯೂ ಇದೇ ನಿಯಮ ನಡೆಯುತ್ತದೆ. ನೂಲು ಮತ್ತು ನೇಯ್ಗೆಯ ಬೆಲೆ ಬಹುಮಟ್ಟಿಗೆ ಮಾರುಕಟ್ಟೆಯ ಕೈಯಲ್ಲಿರುತ್ತದೆ. ಗಿರಾಕಿಯು ಹೆಚ್ಚಿನ ಬೆಲೆ ಕೊಡಲು ಒಪ್ಪುವುದು ಬಣ್ಣ ಮತ್ತು ವಿನ್ಯಾಸಕ್ಕಾಗಿ. ಹೀಗಿದ್ದರೂ ಆ ಬಣ್ಣವನ್ನು ಹದಕ್ಕೆ ತರುವ ಪ್ರಯೋಗದ ವೆಚ್ಚವನ್ನು ಕೊಡಲು ಮಾತ್ರ ಯಾರೂ ಸಿದ್ಧರಿರುವುದಿಲ್ಲ. ಈ ವಿಚಿತ್ರ ಪರಿಸ್ಥಿತಿಯನ್ನು ಸದಸ್ಯರು, ಅದರಲ್ಲಿಯೂ ಜವಳಿ ವರ್ತಕರು, ಸ್ವಲ್ಪ ನಿಷ್ಠುರವಾಗಿಯೇ ಪರಿಶೀಲಿಸಬೇಕಾಗಿದೆ.

ಶಿವಪುರದ ಧ್ವಜದ ಮುಂದಿನ ಕಥೆ ಕರ್ನಾಟಕದ ಉತ್ತರ ಭಾಗದಲ್ಲಿ ದೊರೆಯುತ್ತದೆ. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೋದ ಪರವಾನಗಿಯೊಡನೆ ಖಾದಿ ರಾಷ್ಟ್ರಧ್ವಜವನ್ನು ತಯಾರಿಸುವ ಸಂಸ್ಥೆಯಾಗಿ ದೇಶಕ್ಕೆಲ್ಲ ಪರಿಚಿತವಾಗಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆ ನೇಯಲಾದ ಖಾದಿ ಬಟ್ಟೆಯು ಬೆಂಗೇರಿಗೆ ಬಂದು, ಬಿಳುಪಾಗಿ, ಬಣ್ಣ ಪಡೆದು, ಚಕ್ರ ಮುದ್ರಣಗೊಂಡು, ಹೊಲಿಗೆಯಾಗಿ ಹೊರಗೆ ಹೋಗುತ್ತದೆ. ಧ್ವಜಕ್ಕೆ ಸಂಬಂಧಿಸಿದ ಮಾನಕವು ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯದು. 1951ರಲ್ಲಿ ಹೊರಬಂದ ಇದು 1968ರಲ್ಲಿ ಈಗಿನ ರೂಪಕ್ಕೆ ಬಂದಿತು. ಒಂಬತ್ತು ಅಳತೆಗಳು ಅದರಲ್ಲಿ ನಿಗದಿಯಾಗಿವೆ. ಅತಿ ದೊಡ್ಡದು 6300 x 4200 ಮಿ.ಮೀ., ಅತಿ ಚಿಕ್ಕದು 150 x 100 ಮಿ.ಮೀ. ಕೇಸರಿ ಎಂದರೆ ಯಾವ ಕೇಸರಿ, ಹಸಿರು ಎಂದರೆ ಯಾವ ಹಸಿರು ಎಂಬುದನ್ನು ಮಾತಿನಲ್ಲಿ ಹೇಳಿ ಬಿಟ್ಟಿಲ್ಲ. ಬಣ್ಣವನ್ನು ಅಳೆಯುವ ಅಂಕಿಗಳಲ್ಲಿಯೇ ಸೂಚಿಸಲಾಗಿದೆ. ಬಿಸಿಲು ಮತ್ತು ನೀರಿಗೆ ಬಣ್ಣ ಎಷ್ಟು ಗಟ್ಟಿಯಾಗಿ ನಿಲ್ಲಬೇಕೆಂಬುದೂ ಅಲ್ಲಿದೆ. ಇಪ್ಪತ್ತನಾಲ್ಕು ಗೆರೆಗಳ ಚಕ್ರವನ್ನು ಮುದ್ರಿಸುವಾಗ ಬಟ್ಟೆಯ ಎರಡೂ ಮುಖಗಳಲ್ಲಿ ಅದು ಕರಾರುವಾಕ್ಕಾಗಿ ಒಂದರ ಮೇಲೊಂದು ಕೂಡಬೇಕು.

ಬಟ್ಟೆಯ ಮೇಲೆ ಒಮ್ಮೆಯಾದರೂ ಅಚ್ಚು ಒತ್ತಿದವರಿಗೆ ಈ ಕೊನೆಯ ಷರತ್ತಿನ ಕಷ್ಟ ತಿಳಿಯುತ್ತದೆ. ಕೈನೂಲಿನ ಬಟ್ಟೆಯು ಒಂದೇ ದಪ್ಪದಲ್ಲಿರುವುದಿಲ್ಲ, ಬಣ್ಣವನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ, ಒದ್ದೆಯಾದಾಗ ಒಂದೇ ರೀತಿ ಕುಗ್ಗುವುದೂ ಇಲ್ಲ. ಅಂತಹ ಬಟ್ಟೆಯ ಮೇಲೆ ವರ್ಷದಿಂದ ವರ್ಷಕ್ಕೆ ಅದೇ ಕೇಸರಿಯನ್ನು ತರಬೇಕಾದರೆ ಬಣ್ಣದ ತೂಕ, ನೀರಿನ ಗುಣ, ಕಾವು, ಹೊತ್ತು ಎಲ್ಲವೂ ಬರವಣಿಗೆಯಲ್ಲಿರಬೇಕು. ಪ್ರಯೋಗವೆಂಬುದು ಮಾನಕವಾಗಿ ನಿಲ್ಲುವುದು ಈ ರೀತಿಯಲ್ಲಿಯೇ. ಕಲಾವಿದರು ಪ್ರಯೋಗವನ್ನು ಸ್ವಾತಂತ್ರ್ಯವೆಂದು ಭಾವಿಸುತ್ತಾರೆ. ಅದು ಅವರ ದೃಷ್ಟಿಯಿಂದ ಸರಿಯೇ. ವ್ಯಾಪಾರದಲ್ಲಿ ಪ್ರಯೋಗಕ್ಕೆ ಬೆಲೆ ಬರಬೇಕಾದರೆ ಅದನ್ನು ಎರಡನೆಯ ಬಾರಿಯೂ ಹಾಗೆಯೇ ಮಾಡಿ ತೋರಿಸಲು ಸಾಧ್ಯವಾಗಬೇಕು.

ಉಚಿತ ಸ್ಯಾಂಪಲ್ ಎಂಬ ರೂಢಿ

ಸಣ್ಣ ಬಣ್ಣದ ಘಟಕಗಳಲ್ಲಿ ಮತ್ತು ಅಚ್ಚು ಮುದ್ರಣ ಘಟಕಗಳಲ್ಲಿ ನಡೆಯುವ ವ್ಯವಹಾರ ಹೀಗಿರುತ್ತದೆ. ವರ್ತಕನು ಒಂದು ಚಿತ್ರವನ್ನೋ ಹಳೆಯ ಸೀರೆಯ ತುಂಡನ್ನೋ ತಂದು, ಇದೇ ಬಣ್ಣ ಬೇಕು, ಅಂಚು ಮಾತ್ರ ಬದಲಾಗಲಿ ಎನ್ನುತ್ತಾನೆ. ಬಣ್ಣಗಾರನು ಮೂರು ನಾಲ್ಕು ಬಾರಿ ಪ್ರಯತ್ನಿಸಿ ತುಂಡುಗಳನ್ನು ತೋರಿಸುತ್ತಾನೆ. ಒಂದು ಒಪ್ಪಿಗೆಯಾಗುತ್ತದೆ. ಬಳಿಕ ಆ ಒಪ್ಪಿಗೆಯಾದ ತುಂಡನ್ನೇ ಹಿಡಿದುಕೊಂಡು ವರ್ತಕನು ಇನ್ನಿಬ್ಬರ ಬಳಿ ದರ ವಿಚಾರಿಸುತ್ತಾನೆ. ಪ್ರಯೋಗ ಮಾಡದವನ ದರವು ಸಹಜವಾಗಿಯೇ ಕಡಿಮೆಯಿರುತ್ತದೆ; ಆರ್ಡರ್ ಅವನಿಗೆ ಹೋಗುತ್ತದೆ. ಇದರಲ್ಲಿ ಕಾನೂನಿನ ಉಲ್ಲಂಘನೆಯೇನೂ ಇಲ್ಲವೆಂದು ಹೇಳಬಹುದು. ಆದರೆ ಎರಡು ಮೂರು ಬಾರಿ ಹೀಗಾದ ಬಳಿಕ ಆ ಬಣ್ಣಗಾರನು ಹೊಸದನ್ನು ಪ್ರಯತ್ನಿಸುವುದನ್ನೇ ಬಿಡುತ್ತಾನೆ. ಅನಂತರ ಜಿಲ್ಲೆಯಲ್ಲಿ ಹೊಸ ವಿನ್ಯಾಸಗಳೇ ಬರುತ್ತಿಲ್ಲವೆಂದು ದೂರುವವನೂ ಅದೇ ವರ್ತಕ.

ಒಂದು ಉದಾಹರಣೆಯ ಲೆಕ್ಕವನ್ನು ನೋಡಬಹುದು. ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಕಲ್ಪಿಸಿಕೊಂಡವು. ಪ್ರತಿ ಘಟಕವೂ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು. ನಾಲ್ಕು ಪ್ರಯತ್ನಗಳಿಗೆ ತಲಾ 3 ಮೀಟರಿನಂತೆ 12 ಮೀಟರ್ ಬಟ್ಟೆ, ಮೀಟರಿಗೆ 150 ರೂ.ನಂತೆ 1,800 ರೂ.; ಬಣ್ಣ, ಪಟಿಕ, ಸೌದೆ ಅಥವಾ ಗ್ಯಾಸಿಗೆ 600 ರೂ.; ಹೊಸ ಅಚ್ಚು ಕೆತ್ತಿಸಲು 2,400 ರೂ.; ಇಬ್ಬರು ಕೆಲಸಗಾರರ ಎರಡು ದಿನದ ಕೂಲಿ 2,400 ರೂ. ಒಟ್ಟು 7,200 ರೂ. ಆರ್ಡರ್ 100 ಮೀಟರಿನದಾದರೆ ಪ್ರಯೋಗದ ವೆಚ್ಚವೇ ಮೀಟರಿಗೆ 72 ರೂ. ಬೀಳುತ್ತದೆ. ಅದೇ ಬಣ್ಣವನ್ನು ವರ್ಷದಲ್ಲಿ ಆರು ಬಾರಿ 100 ಮೀಟರಿನಂತೆ ಮಾರಿದರೆ ಮೀಟರಿಗೆ 12 ರೂ. ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವೇ ಸಣ್ಣ ಘಟಕಗಳ ಅಳಿವು ಉಳಿವಿನ ಪ್ರಶ್ನೆ. ಆದರೆ ಆರು ಬಾರಿ ಮಾರಲು ಎರಡು ಷರತ್ತುಗಳಿವೆ. ಮೊದಲನೆಯದು, ಅದೇ ಬಣ್ಣವನ್ನು ಮತ್ತೆ ತರಲು ಬೇಕಾದ ದಾಖಲೆ. ಎರಡನೆಯದು, ಮೊದಲ ಆರ್ಡರ್ ಕೈತಪ್ಪಿದರೂ ಘಟಕವು ಮುಳುಗದಂತೆ ಕಾಯುವ ಸ್ಯಾಂಪಲ್ ಶುಲ್ಕ.

ಮೊದಲನೆಯ ಷರತ್ತಿನ ಹೊಣೆ ಬಣ್ಣಗಾರನದು. ಬಹುತೇಕ ಘಟಕಗಳಲ್ಲಿ ಬಣ್ಣದ ಹದ ಹಿರಿಯ ಕೆಲಸಗಾರನ ಕಣ್ಣಿನಲ್ಲಿ ಮತ್ತು ಬೆರಳಿನಲ್ಲಿ ಇರುತ್ತದೆ. ಅವನು ಕೆಲಸ ಬಿಟ್ಟು ಹೋದ ದಿನ ಘಟಕದ ನಿಜವಾದ ಆಸ್ತಿಯೂ ಅವನೊಡನೆ ಹೋಗುತ್ತದೆ. ಆಸ್ತಿ ಹೊಣೆ ಪಟ್ಟಿಯಲ್ಲಿ ಅದು ಯಾವ ದಿನವೂ ಕಾಣಿಸಿಕೊಂಡಿರುವುದಿಲ್ಲ. ಒಂದು ದಪ್ಪ ರಟ್ಟಿನ ಪುಸ್ತಕ, ಒಂದು ಗ್ರಾಂ ತಕ್ಕಡಿ, ಉಷ್ಣಮಾಪಕ, ಆಮ್ಲ–ಕ್ಷಾರ ಪರೀಕ್ಷೆಯ ಕಾಗದ ಇಷ್ಟಿದ್ದರೆ ಆರಂಭಕ್ಕೆ ಸಾಕು. ಪ್ರತಿ ಪ್ರಯತ್ನದ ತುಂಡನ್ನೂ ಪುಸ್ತಕಕ್ಕೆ ಅಂಟಿಸಿ, ಬಟ್ಟೆಯ ತೂಕಕ್ಕೆ ಶೇಕಡಾ ಎಷ್ಟು ಬಣ್ಣ, ಎಷ್ಟು ಲೀಟರ್ ನೀರು, ನೀರು ಎಲ್ಲಿಯದು, ಎಷ್ಟು ಡಿಗ್ರಿ, ಎಷ್ಟು ನಿಮಿಷ ಎಂಬುದನ್ನು ಬರೆದಿಡಬೇಕು. ಕೆಟ್ಟ ತುಂಡನ್ನೂ ಅಂಟಿಸಬೇಕು. ಬಹುಶಃ ಅದನ್ನೇ ಮೊದಲು ಅಂಟಿಸಬೇಕು. 1977ರಲ್ಲಿ ಬೆಂಗಳೂರಿನ ಸದಾಶಿವನಗರದಲ್ಲಿ ಲಕ್ಷ್ಮೀ ಶ್ರೀವತ್ಸ ಅವರು ಆರಂಭಿಸಿದ ‘ತರಂಗಿಣಿ’ ಅಚ್ಚು ಮುದ್ರಣ ಕಾರ್ಯಾಗಾರವು ದಶಕಗಳ ಅವಧಿಯಲ್ಲಿ ಸಾವಿರಾರು ಮರದ ಅಚ್ಚುಗಳನ್ನು ಕೂಡಿಸಿತು. ಹೊರಗಿನವರ ಕಣ್ಣಿಗೆ ಅದು ಹಳೆಯ ಮರದ ರಾಶಿ. ಲೆಕ್ಕ ಬಲ್ಲವರಿಗೆ ಅದು ಈಗಾಗಲೇ ವೆಚ್ಚ ಮಾಡಿ ಮುಗಿಸಿದ, ಮತ್ತೆ ಮತ್ತೆ ದುಡಿಯಬಲ್ಲ ಬಂಡವಾಳ.

ಬೆಲ್ಲ, ಕಬ್ಬಿಣ ಮತ್ತು ಕೊಳವೆ ಬಾವಿಯ ನೀರು

ಮಂಡ್ಯ ಜಿಲ್ಲೆಗೆ ಬಣ್ಣದ ಪ್ರಯೋಗ ದೂರದ ವಿಷಯವೆಂದು ಭಾವಿಸುವವರಿದ್ದಾರೆ. ಕೊಡಿಯಾಲದಲ್ಲಿ ಮಗ್ಗಗಳಿವೆ, ಮೇಲುಕೋಟೆಯ ಪಂಚೆಗೆ ಹೆಸರಿದೆ, ಅಲ್ಲಿಯ ಜನಪದ ಸೇವಾ ಟ್ರಸ್ಟ್ ಖಾದಿಯ ಕೆಲಸವನ್ನು ಉಳಿಸಿಕೊಂಡು ಬಂದಿದೆ, ಮದ್ದೂರು ಮತ್ತು ಮಳವಳ್ಳಿಯ ರೈತರು ಬೆಳೆದ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಕಚ್ಚಾ ಸಾಮಗ್ರಿಯ ಕೊರತೆ ಇಲ್ಲ. ಆದರೆ ಗೂಡು ನೂಲಾಗಿ, ನೂಲು ಬಣ್ಣವಾಗಿ, ಬಟ್ಟೆಯಾಗುವ ಹಾದಿಯಲ್ಲಿ ಬೆಲೆ ಹೆಚ್ಚುವ ಹಂತಗಳು ಬಹುಪಾಲು ಜಿಲ್ಲೆಯ ಹೊರಗೆ ನಡೆಯುತ್ತವೆ.

ವಿಚಿತ್ರವೆಂದರೆ, ಬಣ್ಣದ ಪ್ರಯೋಗಕ್ಕೆ ಬೇಕಾದ ಒಂದು ಮುಖ್ಯ ವಸ್ತು ಜಿಲ್ಲೆಯ ಪ್ರತಿ ಆಲೆಮನೆಯಲ್ಲಿಯೂ ಇದೆ. ಅದು ಬೆಲ್ಲ. ನೀಲಿ ಬಣ್ಣವು ನೀರಿನಲ್ಲಿ ಕರಗುವುದಿಲ್ಲ. ಸುಣ್ಣದಂತಹ ಕ್ಷಾರದ ನೀರಿನಲ್ಲಿ ಅದರ ಆಮ್ಲಜನಕವನ್ನು ಕಸಿದುಕೊಂಡಾಗ ಮಾತ್ರ ಕರಗಿ ಹಳದಿ ಮಿಶ್ರಿತ ಹಸಿರಾಗುತ್ತದೆ. ಆ ತೊಟ್ಟಿಯಲ್ಲಿ ಅದ್ದಿದ ಬಟ್ಟೆಯು ಗಾಳಿಗೆ ಬಂದೊಡನೆ ಕಣ್ಣೆದುರಿಗೇ ನೀಲಿಯಾಗುತ್ತದೆ. ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಸೋಡಿಯಂ ಹೈಡ್ರೋಸಲ್ಫೈಟನ್ನು ಬಳಸುತ್ತಾರೆ. ಸಾಂಪ್ರದಾಯಿಕ ತೊಟ್ಟಿಯಲ್ಲಿ ಬೆಲ್ಲದೊಳಗಿನ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಕ್ಕರೆಗಳು ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಈ ಸಕ್ಕರೆಗಳು ಹೆಚ್ಚಿರುವ ಬೆಲ್ಲವೇ ಮಳೆಗಾಲದಲ್ಲಿ ತೇವ ಹೀರಿ ಅಂಟುವ, ಅಚ್ಚು ನಿಲ್ಲದ, ಮಂಡಿಯಲ್ಲಿ ಕಡಿಮೆ ಬೆಲೆಗೆ ಹೋಗುವ ಬೆಲ್ಲ. ತಿನ್ನುವವರು ಬೇಡವೆನ್ನುವ ಸರಕು ನೀಲಿಯ ತೊಟ್ಟಿಗೆ ಹೇಳಿ ಮಾಡಿಸಿದಂತಿದೆ. ಕಪ್ಪು ಬಣ್ಣದ ವಿಷಯವೂ ಹೀಗೆಯೇ. ಆಂಧ್ರದ ಕಲಂಕಾರಿ ಕುಶಲಕರ್ಮಿಗಳು ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಿನಲ್ಲಿ ವಾರಗಟ್ಟಲೆ ಹುಳಿಯಲು ಬಿಟ್ಟು, ಅಳಲೆಕಾಯಿಯ ಒಗರು ಹಿಡಿಸಿದ ಬಟ್ಟೆಯ ಮೇಲೆ ಆ ನೀರಿನಿಂದ ಬರೆಯುತ್ತಾರೆ. ಗೆರೆ ಕ್ರಮೇಣ ಕಪ್ಪಾಗುತ್ತದೆ. ಕಬ್ಬಿಣದ ಅಂಶ ಅತಿಯಾದರೆ ಹತ್ತಿಯ ನೂಲು ಜೀರ್ಣವಾಗಿ ಹರಿಯುತ್ತದೆ. ಎಷ್ಟು ಅತಿ, ಎಷ್ಟು ಮಿತಿ ಎಂಬುದೇ ಪ್ರಯೋಗ.

ಪ್ರಾಸಂಗಿಕವಾಗಿ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ನೀಲಗಾರರೆಂದರೆ ನೂಲಿಗೆ ಬಣ್ಣ ಹಾಕುವ ಸಮುದಾಯದವರು. ಮಳವಳ್ಳಿ ಸೀಮೆಯಲ್ಲಿ ಅದೇ ಶಬ್ದಕ್ಕೆ ಮಂಟೇಸ್ವಾಮಿ ಪರಂಪರೆಯ ಗಾಯಕರೆಂಬ ಅರ್ಥ. ಅಲ್ಲಿ ನೀಲಗಾರರನ್ನು ವಿಚಾರಿಸಿಕೊಂಡು ಬರುವ ಬಣ್ಣದ ಏಜೆಂಟನಿಗೆ ಒಳ್ಳೆಯ ಹಾಡು ದೊರೆಯಬಹುದು.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘವು ತನ್ನ ಪರಿಸರದ ಇಂತಹದೇ ಒಂದು ವಸ್ತುವನ್ನು ಬಳಸಿಕೊಂಡಿತು. ಹಸಿ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಪು ಚೊಗರು ಮಲೆನಾಡಿನಲ್ಲಿ ಧಾರಾಳವಾಗಿ ದೊರೆಯುತ್ತದೆ. ಅದರ ಒಗರಿನಲ್ಲಿಯೇ ಬಣ್ಣವೂ ಇದೆ, ಬಣ್ಣವನ್ನು ನೂಲಿಗೆ ಹಿಡಿಸುವ ಶಕ್ತಿಯೂ ಇದೆ. ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಮೊದಲಾದವುಗಳಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ, ‘ದೇಸಿ’ ಅಂಗಡಿಗಳ ಮೂಲಕ ನಗರದ ಗಿರಾಕಿಯನ್ನು ತಲುಪುವ ಮಾರ್ಗವನ್ನು ಅವರು ಕಂಡುಕೊಂಡರು. ಮಲೆನಾಡಿಗೆ ಚೊಗರು ಹೇಗೋ ಮಂಡ್ಯಕ್ಕೆ ಬೆಲ್ಲ ಹಾಗೆ ಎಂದು ಅವಸರದಿಂದ ಹೇಳುವಂತಿಲ್ಲ. ಬೆಲ್ಲವು ಸಹಾಯಕ ವಸ್ತುವೇ ಹೊರತು ಬಣ್ಣವಲ್ಲ. ಆದರೂ ಕೈಯಳತೆಯಲ್ಲಿರುವ ವಸ್ತುವಿನಿಂದ ಆರಂಭಿಸುವ ವಿವೇಕ ಅನುಕರಣೀಯ.

ಸಸ್ಯಜನ್ಯ ಬಣ್ಣವೆಂದ ಮಾತ್ರಕ್ಕೆ ಎಲ್ಲವೂ ಶ್ರೇಷ್ಠವೆಂಬ ಪ್ರಚಾರವನ್ನೂ ನಂಬಬೇಕಾಗಿಲ್ಲ. ಅರಿಶಿನದ ಹಳದಿ ಮನಮೋಹಕ, ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಅದನ್ನು ಪಕ್ಕಾ ಬಣ್ಣವೆಂದು ಮಾರುವವನು ಗಿರಾಕಿಯನ್ನು ವಂಚಿಸುತ್ತಾನೆ. 1897ರಲ್ಲಿ ಜರ್ಮನಿಯ ಕಂಪನಿಯೊಂದು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಾಗ ಭಾರತದ ನೀಲಿ ಬೆಳೆ ಕುಸಿಯಲು ಬೆಲೆಯೊಂದೇ ಕಾರಣವಲ್ಲ. ಪ್ರತಿ ಡಬ್ಬಿಯಲ್ಲಿಯೂ ಒಂದೇ ಶಕ್ತಿಯ ಬಣ್ಣ ದೊರೆಯುವ ಭರವಸೆಯೂ ಬಣ್ಣಗಾರರನ್ನು ಆಕರ್ಷಿಸಿತು. ಇತ್ತ ಕೃತಕ ಬಣ್ಣಗಳಲ್ಲಿಯೂ ಎಚ್ಚರಿಕೆ ಬೇಕು. ಅಪಾಯಕಾರಿಯಾದ ಕೆಲವು ಅಜೋ ಬಣ್ಣಗಳನ್ನು ಜರ್ಮನಿ 1994ರಲ್ಲಿ ನಿಷೇಧಿಸಿತು. ಭಾರತವೂ 1997ರಲ್ಲಿ ನಿಷೇಧದ ಪಟ್ಟಿಯನ್ನು ವಿಸ್ತರಿಸಿತು. ಬಿಲ್ಲಿಲ್ಲದೆ ಚೀಲದಲ್ಲಿ ಬರುವ ಅಗ್ಗದ ಬಣ್ಣದ ಪುಡಿ ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದು ರಫ್ತುದಾರನ ಸರಕು ಬಂದರಿನಲ್ಲಿ ತಿರಸ್ಕೃತವಾದಾಗ ತಿಳಿದರೆ ಪ್ರಯೋಜನವಿಲ್ಲ.

ನೀರಿನ ವಿಷಯವನ್ನು ಬಿಡುವಂತಿಲ್ಲ. ಕೊಳವೆ ಬಾವಿಯ ಗಡಸು ನೀರು ಮತ್ತು ನಾಲೆಯ ನೀರು ಒಂದೇ ಬಣ್ಣವನ್ನು ಎರಡು ರೀತಿಯಲ್ಲಿ ತೋರಿಸುತ್ತವೆ; ನೀರಿನಲ್ಲಿರುವ ಕಬ್ಬಿಣದ ಅಂಶ ಕೆಂಪನ್ನು ಮಂಕಾಗಿಸುತ್ತದೆ. ಬಣ್ಣ ಹಾಕಿದ ಬಳಿಕ ಉಳಿಯುವ ನೀರಿನ ಪ್ರಶ್ನೆ ಇನ್ನೂ ಗಂಭೀರವಾದುದು. ಹತ್ತಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳಿಗೆ ಉಪ್ಪು ಬಹಳ ಬೇಕು. ಆ ಉಪ್ಪು ಹೊಲಕ್ಕೂ ಹೊಳೆಗೂ ಸೇರಿದರೆ ತೆಗೆಯುವುದು ಕಷ್ಟ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಬಣ್ಣದ ಘಟಕಗಳನ್ನೇ ಮುಚ್ಚಲು ಆದೇಶಿಸಿತು. ದೇಶದ ಅತಿ ದೊಡ್ಡ ಹೆಣಿಗೆ ಉಡುಪಿನ ಕೇಂದ್ರಕ್ಕೆ ಒದಗಿದ ಆ ಗತಿಯನ್ನು ಶಿಂಷಾ ನದಿಯ ದಡದಲ್ಲಿ ಘಟಕ ಹೂಡಲು ಯೋಚಿಸುವವರು ಮರೆಯಬಾರದು. ಸಣ್ಣ ಪ್ರಯೋಗಕ್ಕೆ ಇದು ಅಡ್ಡಿಯಲ್ಲ. ಹತ್ತು ಲೀಟರ್ ಪಾತ್ರೆಯಲ್ಲಿ ತಪ್ಪು ಮಾಡುವುದು ಹತ್ತು ಸಾವಿರ ಲೀಟರ್ ತೊಟ್ಟಿಯಲ್ಲಿ ತಪ್ಪು ಮಾಡುವುದಕ್ಕಿಂತ ಎಲ್ಲ ರೀತಿಯಲ್ಲಿಯೂ ಅಗ್ಗ.

ಲೆಕ್ಕಪುಸ್ತಕದಲ್ಲಿ ಪ್ರಯೋಗ

ಪ್ರಯೋಗದ ಬಟ್ಟೆಯನ್ನು ಬಹುತೇಕ ಘಟಕಗಳು ‘ವೇಸ್ಟೇಜ್’ ಎಂಬ ಒಂದೇ ಖಾತೆಯಲ್ಲಿ ತಳ್ಳಿಬಿಡುತ್ತವೆ. ಇದರಿಂದ ಮೂರು ತೊಂದರೆಗಳು ಒಟ್ಟಿಗೆ ಉಂಟಾಗುತ್ತವೆ. ಯಾವ ಗಿರಾಕಿಗಾಗಿ ಎಷ್ಟು ಖರ್ಚಾಯಿತೆಂಬುದು ಮಾಲೀಕನಿಗೇ ತಿಳಿಯುವುದಿಲ್ಲ. ಅಸಹಜ ನಷ್ಟವನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸಬಾರದೆಂಬ ಲೆಕ್ಕಪತ್ರ ಮಾನದಂಡದ ನಿಯಮ ಪಾಲನೆಯಾಗುವುದಿಲ್ಲ. ಮೂರನೆಯದು ಜಿ.ಎಸ್.ಟಿ.ಗೆ ಸಂಬಂಧಿಸಿದ್ದು. ಕಾಯಿದೆಯ 17(5)ನೆಯ ಕಲಮಿನ ಪ್ರಕಾರ ಕಳೆದುಹೋದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಅಥವಾ ಉಚಿತ ಸ್ಯಾಂಪಲ್ ಆಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಬಟ್ಟೆಯನ್ನು ತಯಾರಿಕೆಯ ಪ್ರಯೋಗದಲ್ಲಿ ಬಳಸಲಾಯಿತೆಂದು ದಿನಾಂಕ, ತೂಕ, ಆರ್ಡರಿನ ಸಂಖ್ಯೆಯೊಡನೆ ತೋರಿಸುವ ಘಟಕದ ಸ್ಥಿತಿಗೂ, ವರ್ಷದ ಕೊನೆಯಲ್ಲಿ ಒಂದೇ ನಮೂದಿನಿಂದ ಲೆಕ್ಕ ತೆಗೆದುಹಾಕುವ ಘಟಕದ ಸ್ಥಿತಿಗೂ ತಪಾಸಣೆಯ ಸಮಯದಲ್ಲಿ ಬಹಳ ವ್ಯತ್ಯಾಸವಿದೆ. ಬಣ್ಣದ ಪುಸ್ತಕವು ಹೀಗೆ ತೆರಿಗೆಯ ದಾಖಲೆಯೂ ಆಗುತ್ತದೆ. ಉಚಿತ ಸ್ಯಾಂಪಲ್ ಕೊಡುವವನು ಬಟ್ಟೆಯನ್ನೂ ಕಳೆದುಕೊಳ್ಳುತ್ತಾನೆ, ತೆರಿಗೆಯ ಜಮೆಯನ್ನೂ ಕಳೆದುಕೊಳ್ಳುತ್ತಾನೆ. ಶುಲ್ಕ ಪಡೆದು ಬಿಲ್ ಮಾಡಿದವನಿಗೆ ಎರಡೂ ಉಳಿಯುತ್ತವೆ.

ಕೂಲಿಗೆ ಬಣ್ಣ ಹಾಕಿಕೊಡುವ ಘಟಕಗಳ ಪಾಲಿಗೆ ತೆರಿಗೆಯ ದರವೂ ನೆಮ್ಮದಿ ಕೊಟ್ಟಿಲ್ಲ. ಜವಳಿಗೆ ಬಣ್ಣ ಹಾಕುವ ಮತ್ತು ಮುದ್ರಿಸುವ ಜಾಬ್ ವರ್ಕ್ ಮೇಲಿನ ದರವನ್ನು ಶೇ. 5ರಿಂದ ಶೇ. 12ಕ್ಕೆ ಏರಿಸಿ, 2022ರ ಜನವರಿ 1ರಿಂದ ಜಾರಿಗೆ ತರಲು 2021ರ ನವೆಂಬರಿನಲ್ಲಿ ಅಧಿಸೂಚನೆ ಹೊರಟಿತ್ತು. ಜಾರಿಯ ಮುನ್ನಾದಿನ, ಡಿಸೆಂಬರ್ 31ರಂದು, ಜಿ.ಎಸ್.ಟಿ. ಮಂಡಳಿ ಅದನ್ನು ತಡೆಹಿಡಿಯಿತು. ಕೊಳ್ಳುವ ಬಣ್ಣಕ್ಕೆ ಶೇ. 18 ಕೊಟ್ಟು, ಮಾಡಿದ ಕೆಲಸಕ್ಕೆ ಶೇ. 5 ಪಡೆಯುವವನಲ್ಲಿ ತೆರಿಗೆಯ ಜಮೆ ಬೆಳೆಯುತ್ತಲೇ ಹೋಗುತ್ತದೆ. ಸರಕಿನ ಮಟ್ಟಿಗೆ ಮರುಪಾವತಿ ಕೇಳಬಹುದು. ಪಡೆದ ಸೇವೆಗಳ ಮೇಲಿನ ತೆರಿಗೆಗೆ ಆ ಸೌಲಭ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಮರುಪಾವತಿಗೆ ಅರ್ಜಿ ಹಾಕದೆಯೇ ಕುಳಿತಿರುವ ಸಣ್ಣ ಘಟಕಗಳು ಬೇಕಾದಷ್ಟಿವೆ. ಆ ಮೊತ್ತವೇ ಹಲವರ ಪಾಲಿಗೆ ವರ್ಷದ ಪ್ರಯೋಗದ ಖರ್ಚನ್ನು ತುಂಬಬಲ್ಲದು. ಕೈ ಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಬೇಕೆಂದು ಪ್ರಸನ್ನ ಅವರು 2017ರಲ್ಲಿ ಸತ್ಯಾಗ್ರಹ ಹೂಡಿದಾಗ ವರ್ತಕ ಸಮುದಾಯದ ಅನೇಕರು ಅದನ್ನು ಭಾವುಕತೆಯೆಂದು ನಕ್ಕರು. ಯಂತ್ರದ ಸರಕಿಗೂ ಕೈಯ ಸರಕಿಗೂ ಒಂದೇ ತಕ್ಕಡಿ ಹಿಡಿದರೆ ಪ್ರಯೋಗದ ವೆಚ್ಚ ಹೆಚ್ಚಿರುವ ಕೈಯ ಸರಕೇ ಮೊದಲು ಸೋಲುತ್ತದೆಂಬ ಅವರ ವಾದದ ತಿರುಳು ನಗುವಂತಹದಲ್ಲ.

ಅದಕ್ಕೆ ನಿದರ್ಶನ ಪುನಃ ಧ್ವಜದಲ್ಲಿಯೇ ದೊರೆಯುತ್ತದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ನೀಡಲಾಯಿತು. ತೆರಿಗೆಯ ವಿನಾಯಿತಿ ಅವುಗಳಿಗೂ ಅನ್ವಯಿಸುತ್ತದೆಂದು 2022ರ ಆಗಸ್ಟಿನಲ್ಲಿ ಸ್ಪಷ್ಟನೆ ಬಂದಿತು. ಬೆಂಗೇರಿಯ ಸಂಸ್ಥೆ ತಿದ್ದುಪಡಿಯನ್ನು ವಿರೋಧಿಸಿತು. ಆ ವರ್ಷದ ಮನೆ ಮನೆ ಧ್ವಜದ ಅಭಿಯಾನಕ್ಕೆ ಬೇಕಾದ ಸಂಖ್ಯೆಯನ್ನು ಖಾದಿ ಮಾತ್ರದಿಂದ ಪೂರೈಸಲು ಸಾಧ್ಯವಿರಲಿಲ್ಲವೆಂಬುದು ನಿಜ. ಆದರೆ ಅಳತೆ ತಪ್ಪಿದ, ಚಕ್ರ ಓರೆಯಾದ ಧ್ವಜಗಳ ಬಗೆಗೆ ಹಲವೆಡೆಯಿಂದ ಬಂದ ದೂರುಗಳು ಪತ್ರಿಕೆಗಳಲ್ಲಿ ವರದಿಯಾದವು. ಮಾನಕವನ್ನು ಪಾಲಿಸಿದವನ ವೆಚ್ಚ ಹಾಗೆಯೇ ಉಳಿದು, ಪಾಲಿಸದವನಿಗೂ ಅದೇ ಮಾರುಕಟ್ಟೆ ತೆರೆದರೆ ಆಗುವ ಪರಿಣಾಮ ಅದು. ಪಾಲಿಯೆಸ್ಟರನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಪಾಲಿಯೆಸ್ಟರಿಗೂ ಅಷ್ಟೇ ಕಟ್ಟುನಿಟ್ಟಾದ ಪರೀಕ್ಷೆಯನ್ನು ವಿಧಿಸಬಹುದಾಗಿತ್ತು.

ವಿನ್ಯಾಸದ ರಕ್ಷಣೆಯ ಬಗೆಗೆ ಎರಡು ಮಾತು ಸಾಕು. ಅಚ್ಚಿನ ಹೊಸ ವಿನ್ಯಾಸವನ್ನು 2000ದ ವಿನ್ಯಾಸಗಳ ಕಾಯಿದೆಯನ್ವಯ ನೋಂದಾಯಿಸಬಹುದು. ರಕ್ಷಣೆ ಮೊದಲು ಹತ್ತು ವರ್ಷ, ಅನಂತರ ಇನ್ನೈದು ವರ್ಷ. ಮಾರಾಟಕ್ಕಿಟ್ಟ ಅಥವಾ ಪ್ರಕಟಿಸಿದ ಬಳಿಕ ಅರ್ಜಿ ಹಾಕಿದರೆ ಹೊಸತನವಿಲ್ಲವೆಂದು ತಿರಸ್ಕಾರವಾಗುತ್ತದೆ. ನೋಂದಾಯಿಸದೆ ಕೃತಿಸ್ವಾಮ್ಯವನ್ನೇ ನಂಬಿ ಕುಳಿತವರಿಗೆ ಒಂದು ಎಚ್ಚರಿಕೆ: ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ಸರಕಿನ ಮೇಲೆ ಮೂಡಿಸಿದರೆ ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮಿನ ಪ್ರಕಾರ ಆ ಹಕ್ಕೇ ಕೊನೆಗೊಳ್ಳುತ್ತದೆ. ಐವತ್ತೊಂದನೆಯ ಸೀರೆಯೊಡನೆ ಹಕ್ಕು ಹೋಯಿತೆಂಬುದು ಎಷ್ಟೋ ಮುದ್ರಣಗಾರರಿಗೆ ತಿಳಿದೇ ಇಲ್ಲ. ಬಣ್ಣದ ಪಾಕಕ್ಕೆ ಈ ನೋಂದಣಿ ಅನ್ವಯಿಸುವುದಿಲ್ಲ. ಅದನ್ನು ಬೀಗದೊಳಗಿನ ಪುಸ್ತಕವೇ ಕಾಯಬೇಕು.

ವಾಣಿಜ್ಯ ಮಂಡಳಿಗಳು ಈ ವಿಷಯದಲ್ಲಿ ಕೈಗೊಳ್ಳಬಹುದಾದ ಮೊದಲ ಕೆಲಸಕ್ಕೆ ಹಣವೂ ಬೇಕಾಗಿಲ್ಲ. ಸದಸ್ಯರು ಬಳಸಲು ಒಂದು ಮಾದರಿ ಆರ್ಡರ್ ಪತ್ರವನ್ನು ರಚಿಸಿ, ಅದರಲ್ಲಿ ಸ್ಯಾಂಪಲ್ ಶುಲ್ಕದ ಕಲಮನ್ನು ಸೇರಿಸಬೇಕು: ಮೊದಲ ಎರಡು ಪ್ರಯತ್ನಗಳಿಗೆ ಇಷ್ಟು, ಅನಂತರದ ಪ್ರತಿ ಪ್ರಯತ್ನಕ್ಕೆ ಇಷ್ಟು, ಆರ್ಡರ್ ನಿಗದಿಯಾದ ಪ್ರಮಾಣವನ್ನು ಮುಟ್ಟಿದರೆ ಆ ಮೊತ್ತ ಬಿಲ್ಲಿನಲ್ಲಿ ವಜಾ. ವರ್ತಕನಿಗೆ ಇದರಿಂದ ನಷ್ಟವಿಲ್ಲ. ಬೇರೆಯವರಿಗೆ ತೋರಿಸಲೆಂದೇ ಸ್ಯಾಂಪಲ್ ಮಾಡಿಸುವವನಿಗೆ ಮಾತ್ರ ನಷ್ಟ. ಒಪ್ಪಿಗೆಯಾದ ತುಂಡನ್ನು ಎರಡಾಗಿ ಕತ್ತರಿಸಿ, ಇಬ್ಬರೂ ಸಹಿ ಹಾಕಿ, ಒಂದೊಂದನ್ನು ಇಟ್ಟುಕೊಳ್ಳುವ ಕ್ರಮವನ್ನೂ ಅದೇ ಪತ್ರದಲ್ಲಿ ಬರೆಯಬೇಕು. ಬಣ್ಣ ಬೇರೆಯಾಯಿತೆಂಬ ನೆಪದಲ್ಲಿ ಹಣ ಹಿಡಿಯುವ ಜಗಳಗಳಲ್ಲಿ ಬಹುಪಾಲು ಇಷ್ಟರಿಂದಲೇ ನಿಲ್ಲುತ್ತವೆ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕನಿಗೆ ಒಪ್ಪಂದವಿದ್ದರೂ 45 ದಿನಗಳೊಳಗೆ, ಇಲ್ಲವಾದರೆ 15 ದಿನಗಳೊಳಗೆ ಹಣ ಸಲ್ಲಬೇಕೆಂಬ ಕಾನೂನು ಕೂಲಿಗೆ ಬಣ್ಣ ಹಾಕುವವನಿಗೂ ಅನ್ವಯಿಸುತ್ತದೆಂಬುದನ್ನು ಪತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಮುದ್ರಿಸಿದರೆ ಒಳ್ಳೆಯದು.

ಎರಡನೆಯ ಕೆಲಸಕ್ಕೆ ಹಣ ಬೇಕು, ಆದರೆ ಬಹಳವಲ್ಲ. ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಘಟಕಗಳಿಗೆ ಸಮೀಪದಲ್ಲಿ ಒಂದು ಸಾಮಾನ್ಯ ಬಣ್ಣದ ಕೊಠಡಿ: ನಾಲ್ಕು ಸಣ್ಣ ಪಾತ್ರೆಗಳು, ಒಂದು ಅಚ್ಚಿನ ಮೇಜು, ತಕ್ಕಡಿ, ಮೆದು ನೀರಿನ ವ್ಯವಸ್ಥೆ, ಉಳಿದ ನೀರನ್ನು ಒಂದೆಡೆ ಸಂಸ್ಕರಿಸುವ ತೊಟ್ಟಿ. ಸಣ್ಣ ಉದ್ಯಮಗಳ ಸಮೂಹ ಅಭಿವೃದ್ಧಿ ಯೋಜನೆಯಲ್ಲಿ ಇಂತಹ ಸಾಮಾನ್ಯ ಸೌಲಭ್ಯಕ್ಕೆ ಕೇಂದ್ರದ ಅನುದಾನದ ಅವಕಾಶವಿದೆ. ಬಣ್ಣದ ಗಟ್ಟಿತನದ ಪರೀಕ್ಷೆಗೆ ಬೆಂಗಳೂರಿನ ನೇಕಾರರ ಸೇವಾ ಕೇಂದ್ರ, ರೇಷ್ಮೆಗಾದರೆ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯ ನೆರವು ಪಡೆಯಬಹುದು. ತೊಳೆದಾಗಿನ ಗಟ್ಟಿತನವನ್ನು 1ರಿಂದ 5ರವರೆಗೆ, ಬಿಸಿಲಿನ ಗಟ್ಟಿತನವನ್ನು 1ರಿಂದ 8ರವರೆಗೆ ಅಂಕಗಳಲ್ಲಿ ಹೇಳುವುದು ಅಂತರರಾಷ್ಟ್ರೀಯ ಪದ್ಧತಿ. ಆ ಅಂಕವನ್ನು ಬಟ್ಟೆಯ ಚೀಟಿಯ ಮೇಲೆ ಮುದ್ರಿಸಿ ಮಾರುವ ಧೈರ್ಯವನ್ನು ಜಿಲ್ಲೆಯ ಒಂದೆರಡು ಘಟಕಗಳು ತೋರಿದರೆ, ದರದ ಚೌಕಾಸಿ ಬೇರೆ ಜಾಗದಿಂದ ಆರಂಭವಾಗುತ್ತದೆ.

ಕೊಠಡಿಯ ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ನಿಗದಿಪಡಿಸಬೇಕು, ತಿಂಗಳ ಲೆಕ್ಕದಲ್ಲಿ ಅಲ್ಲ; ತಿಂಗಳ ಬಾಡಿಗೆಯನ್ನು ದೊಡ್ಡ ಘಟಕಗಳು ಮಾತ್ರ ಕೊಡಬಲ್ಲವು. ಕಬ್ಬು ನುರಿಸುವ ಕಾಲದಲ್ಲಿ ಕೆಲಸಗಾರರು ಆಲೆಮನೆಗಳಿಗೆ ಹೋಗುವುದರಿಂದ ಮೊದಲ ವರ್ಷದ ಪ್ರಯೋಗಗಳನ್ನು ಆ ತಿಂಗಳುಗಳನ್ನು ಬಿಟ್ಟು ಇಟ್ಟುಕೊಳ್ಳುವುದು ಅನುಕೂಲ. ಬೆಲ್ಲವನ್ನು ಮಾತ್ರ ಆಗಲೇ ಕೊಂಡಿಡಬೇಕು, ಅಂಟುವ ಬೆಲ್ಲವನ್ನೇ ಕೇಳಿ.